ಹೊಂಬಾಳಮ್ಮನ ಪಾಸ್ ಬಗ್ಗೆ ಬ್ರಿಜ್ ಯಂತ್ರಕ್ಕೆ

ಸಂಜೆ ಮನರಂಜನಾ ಕೂಟದ ಕಪ್ಪು ಟ್ಯಾಬ್‌ನೊಳಗೆ ವಾಸವಾಗಿರುವ ಬ್ರಿಜ್ ಯಂತ್ರ ಮಹಾಶಯರ ಸನ್ನಿಧಿಗೆ, ಮಂಡ್ಯ.

ಮಾನ್ಯರೇ,

ಮೊದಲಿಗೆ ನಮಸ್ಕಾರ. ತಾವು ಕ್ಷೇಮವೆಂದೂ, ತಮ್ಮ ಬ್ಯಾಟರಿ ತುಂಬಿದೆಯೆಂದೂ, ತಮ್ಮ ಗಾಜಿನ ಮೇಲೆ ಯಾರೂ ವಡೆ ತಿಂದ ಕೈ ಇಟ್ಟಿಲ್ಲವೆಂದೂ ಭಾವಿಸಿ ಈ ಕಾಗದ ಬರೆಯುತ್ತಿದ್ದೇನೆ. ನಾನು ಶಿವನಂಜಮ್ಮ. ಊರು ಮಳವಳ್ಳಿ, ಕೆಲಸ ಮಾಡಿದ್ದು ಮದ್ದೂರಿನ ಹೈಸ್ಕೂಲೊಂದರಲ್ಲಿ, ಗಣಿತದ ಮೇಡಂ ಆಗಿ, ಈಗ ನಿವೃತ್ತಳಾಗಿ ಮಂಡ್ಯದಲ್ಲಿ ಮನೆ ಮಾಡಿಕೊಂಡು, ಸಂಜೆಯಾದರೆ ಕೂಟಕ್ಕೆ ಬಂದು ಬ್ರಿಜ್ ಆಡುತ್ತೇನೆ. ತಾವು ನನ್ನನ್ನು ಬೇರೆ ಬಗೆಯಲ್ಲಿ ಬಲ್ಲಿರಿ. ತಮ್ಮ ಪರದೆಯ ಮೇಲೆ ನನ್ನ ಹೆಸರಿನ ಎದುರು ‘ಲೆಕ್ಕಾಚಾರ ಉತ್ತಮ, ಜೊತೆಗಾತಿಯ ವಿಷಯದಲ್ಲಿ ವಿವೇಚನೆ ಸಾಲದು’ ಎಂದು ಬರುತ್ತದೆ. ಜೀವಮಾನವಿಡೀ ಊರ ಮಕ್ಕಳ ಉತ್ತರ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ‘ಸಾಲದು’ ಎಂದು ಬರೆದವಳಿಗೆ, ಅದನ್ನು ಓದುವವರಿಗೆ ಹೇಗಾಗುತ್ತದೆ ಎಂಬ ಅನುಭವವನ್ನು ಈ ವಯಸ್ಸಿನಲ್ಲಾದರೂ ಒದಗಿಸಿಕೊಟ್ಟಿರಿ. ಅದಕ್ಕಾಗಿ ತಮಗೆ ಚಿರಋಣಿ.

ಇದು ಬಹಿರಂಗ ಪತ್ರವಾದ್ದರಿಂದ, ಆಟ ಗೊತ್ತಿಲ್ಲದವರಿಗೂ ತಮ್ಮ ಹಿರಿಮೆ ತಿಳಿಯಲೆಂದು ಎರಡು ಮಾತು ಹೇಳಿಬಿಡುತ್ತೇನೆ. ಬ್ರಿಜ್ ನಾಲ್ಕು ಜನರ ಇಸ್ಪೀಟಾಟ. ಎದುರುಬದುರು ಕೂತವರು ಜೊತೆ. ಎಲೆ ಇಳಿಸುವ ಮೊದಲು ಸರದಿಯಂತೆ ಒಬ್ಬೊಬ್ಬರೂ ತಮ್ಮ ಕೈಯ ಬಲವನ್ನು ‘ಒಂದು ಇಸ್ಪೀಟು’, ‘ಎರಡು ಆಟೀನು’ ಎಂದು ಹರಾಜಿನಂತೆ ಕೂಗಬೇಕು. ಬಲವಿಲ್ಲದವರು ‘ಪಾಸ್’ ಎನ್ನಬೇಕು. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂದು ಕೂಡಿಸಿ, ಹನ್ನೆರಡರ ಹತ್ತಿರ ಬಂದರೆ ಬಾಯಿ ಬಿಡುವುದು, ಬರದಿದ್ದರೆ ಬಾಯಿ ಮುಚ್ಚಿಕೊಂಡಿರುವುದು. ನಾಲ್ವರೂ ಪಾಸ್ ಎಂದರೆ ಏನೂ ನಡೆದೇ ಇಲ್ಲವೆಂಬಂತೆ ಎಲೆಗಳನ್ನೆಲ್ಲ ಕಲೆಸಿ ಹೊಸದಾಗಿ ಹಂಚಬೇಕು. ಎದುರು ಕೂತ ಜೊತೆಯ ಎಲೆ ನಮಗೆ ಕಾಣುವುದಿಲ್ಲ, ಕಣ್ಣು ಮಿಟುಕಿಸಿದರೆ ಕೆಮ್ಮಿದರೆ ಮೋಸ. ಆ ಜೀವ ಕೂಗಿದ ಒಂದು ಮಾತಿನಿಂದಲೇ ಅದರ ಕೈಯಲ್ಲಿ ಏನಿದೆ ಎಂದು ನಾವು ಊಹಿಸಿ, ಮುಂದೆ ಹೋಗುವುದೋ ನಿಲ್ಲುವುದೋ ತೀರ್ಮಾನ ಮಾಡಬೇಕು. ಆಟವೆಲ್ಲ ಇರುವುದು ಈ ತೀರ್ಮಾನದಲ್ಲಿ.

ನನ್ನ ಎದುರು ಕೂರುವ ಜೀವ ದುದ್ದದ ಹೊಂಬಾಳಮ್ಮ. ಅದೇ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ ಆಗಿದ್ದವಳು. ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಮೈಸೂರಿಗೆ ಹೋಗಿದ್ದಾಗ ಭೂಗೋಳದ ಮೇಷ್ಟ್ರೊಬ್ಬರು ಸಂಜೆ ಹೊತ್ತು ಹೋಗಲೆಂದು ನಮ್ಮಿಬ್ಬರಿಗೂ ಈ ಆಟ ಕಲಿಸಿದರು, ಅಂದಿನಿಂದ ನಾವು ಎದುರುಬದುರು. ಅವಳು ಬುದ್ಧಿವಂತೆ, ಬಿದ್ದ ಎಲೆಯನ್ನು ಮರೆಯುವವಳಲ್ಲ. ಅವಳಲ್ಲಿ ಇರುವುದು ಒಂದೇ ಗುಣ, ತಾವು ಅದನ್ನು ದೋಷವೆಂದು ಕರೆದಿದ್ದೀರಿ. ಅವಳು ಮೊದಲ ಸಲ ಕೇಳಿದಾಗ ಯಾವುದನ್ನೂ ಒಪ್ಪುವವಳಲ್ಲ.

ನಮ್ಮ ಕಡೆಯ ಊಟದ ಕ್ರಮವನ್ನು ತಮಗೆ ಯಾರೂ ಅಪ್‌ಲೋಡ್ ಮಾಡಿದಂತಿಲ್ಲ. ಯಾರ ಮನೆಗಾದರೂ ಹೋದರೆ, ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿದ್ದರೂ, ಮೊದಲ ಮಾತು ‘ಈಗ ತಾನೆ ಆಯ್ತು’ ಎಂದೇ. ಎಲೆಯ ಮುಂದೆ ಕೂರಿಸಿದ ಮೇಲೆ ಇನ್ನೊಂದು ಮುದ್ದೆ ತಂದರೆ ‘ಬ್ಯಾಡ’ ಎಂದು ಕೈ ಅಡ್ಡ ಹಿಡಿಯುವುದು. ಆದರೆ ಬೆರಳುಗಳ ನಡುವೆ ಸಾರು ಇಳಿಯುವಷ್ಟು ಸಂದಿ ಬಿಟ್ಟಿರುವುದು. ಬಡಿಸುವವರು ಎರಡನೆಯ ಸಲ ಕೇಳಬೇಕು, ಮೂರನೆಯ ಸಲ ಬಲವಂತ ಮಾಡಬೇಕು, ಆಗ ತಿನ್ನುವವರು ಬಡಿಸಿದವರ ಮರ್ಯಾದೆಗಾಗಿ ಮಾತ್ರ ತಿಂದಂತೆ ತಿನ್ನಬೇಕು. ಮೊದಲ ಸಲಕ್ಕೇ ‘ಹಾಕಿ’ ಎಂದವರನ್ನು ಹೊಟ್ಟೆಬಾಕರೆನ್ನುತ್ತಾರೆ, ಮೊದಲ ‘ಬ್ಯಾಡ’ಕ್ಕೇ ಪಾತ್ರೆ ಎತ್ತಿಕೊಂಡು ಹೋದವರ ಮನೆಗೆ ಮತ್ತೆ ಯಾರೂ ಹೋಗುವುದಿಲ್ಲ. ಬಂಡೂರು ಕುರಿಯ ಬಾಡೂಟದಲ್ಲಿ ಹೊಂಬಾಳಮ್ಮ ‘ಸಾಕು ಸಾಕು’ ಎನ್ನುತ್ತಲೇ ನನ್ನ ಎರಡರಷ್ಟು ತಿಂದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಈ ಸಂಸ್ಕಾರವನ್ನು ಅವಳು ಇಸ್ಪೀಟು ಮೇಜಿಗೂ ತಂದಳು. ಕೈತುಂಬ ಎಕ್ಕ ರಾಜ ಬಂದರೂ, ಮೊದಲ ಸುತ್ತಿನಲ್ಲೇ ‘ನನ್ನ ಹತ್ತಿರ ಇಷ್ಟಿದೆ’ ಎಂದು ಕೂಗುವುದಕ್ಕೆ ಅವಳಿಗೆ ನಾಲಿಗೆ ಏಳುವುದಿಲ್ಲ. ಸಣ್ಣ ದನಿಯಲ್ಲಿ ‘ಪಾಸ್’ ಎನ್ನುತ್ತಾಳೆ, ಯಾರಾದರೂ ಬಲವಂತ ಮಾಡಲಿ ಎಂದು ಕಾಯುತ್ತಾಳೆ. ಬ್ರಿಜ್‌ನಲ್ಲಿ ಬಲವಂತ ಮಾಡುವ ಪದ್ಧತಿ ಇಲ್ಲ. ಹಾಗಾಗಿ ನಾಲ್ವರೂ ಪಾಸ್ ಎಂದು ಎಲೆ ಕಲೆಸುವಾಗ ಅವಳ ಕೈಯಿಂದ ಮೂರು ಎಕ್ಕ ಕಟ್ಟಿನೊಳಕ್ಕೆ ವಾಪಸು ಹೋದದ್ದೂ ಉಂಟು. ಹಾಗೆಂದು ಅವಳ ಪಾಸ್ ಎಲ್ಲವೂ ಉಪಚಾರದ ಪಾಸ್ ಅಲ್ಲ. ಎಷ್ಟೋ ಸಲ ನಿಜವಾಗಿಯೂ ಕೈ ಬರಿದಾಗಿರುತ್ತದೆ. ಎದುರು ಕೂತ ನಾನು ಪ್ರತಿ ಸಲವೂ ತೀರ್ಮಾನಿಸಬೇಕಾದದ್ದು ಇಷ್ಟೇ: ಇದು ಇಲ್ಲದವಳ ‘ಇಲ್ಲ’ವೋ, ಇದ್ದವಳ ‘ಇಲ್ಲ’ವೋ? ಎದುರಾಳಿಗಳಿಗೂ ನಾವು ಇದನ್ನು ಮುಚ್ಚಿಟ್ಟಿಲ್ಲ. ‘ಅವಳು ಪಾಸ್ ಅಂದ್ರೆ ಏನೂ ಇಲ್ಲ ಅಂತ ತಿಳ್ಕೋಬೇಡಿ ಕಣ್ರೀ’ ಎಂದು ಕೂರುವ ಮೊದಲೇ ಹೇಳಿಯೇ ಕೂರುತ್ತೇವೆ. ಅವರಿಗೂ ಅದರಿಂದ ಏನೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಹೀಗೆ ಸುಖವಾಗಿ ಸೋಲುತ್ತ, ಆಗೊಮ್ಮೆ ಈಗೊಮ್ಮೆ ಗೆಲ್ಲುತ್ತ ಇದ್ದ ಕಾಲದಲ್ಲಿ ತಮ್ಮ ಆಗಮನವಾಯಿತು. ಕೂಟದ ಕಾರ್ಯದರ್ಶಿ ರಘುನಂದನ್ ಅವರು ತಮ್ಮನ್ನು ಹೊಸ ಸೊಸೆಯನ್ನು ಮನೆ ತುಂಬಿಸಿಕೊಂಡಂತೆ ತಂದು, ಟೇಬಲ್ಲಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಇಟ್ಟರು. ಆಡಿದ ಪ್ರತಿ ಕೈಯನ್ನೂ ತಾವು ಪರಿಶೀಲಿಸಿ, ಪ್ರತಿ ಕೂಗಿಗೂ ‘ಸರಿ’, ‘ತಪ್ಪು’, ‘ಗಂಭೀರ ತಪ್ಪು’ ಎಂದು ತೀರ್ಪು ಕೊಡತೊಡಗಿದಿರಿ. ತಮ್ಮ ತೀರ್ಪಿಗೆ ಅಪೀಲಿಲ್ಲ, ತಮಗೆ ಕಾಫಿ ಬೇಡ, ಬೆನ್ನು ನೋವಿಲ್ಲ, ಯಾರ ಮನೆಯ ಮದುವೆಗೆ ಯಾರು ಬರಲಿಲ್ಲ ಎಂಬ ಹಳೇ ಮುನಿಸೂ ಇಲ್ಲ. ಇಂಥ ನಿಷ್ಪಕ್ಷಪಾತಿಯನ್ನು ನಾನು ಮಂಡ್ಯ ಜಿಲ್ಲೆಯಲ್ಲಿ ಈ ಹಿಂದೆ ಕಂಡಿರಲಿಲ್ಲ, ಹೊಗಳಿಕೆಯೆಂದು ತಿಳಿಯಬಾರದು, ಇದು ಸತ್ಯ.

ಹೊಂಬಾಳಮ್ಮನಿಗೆ ತಾವು ಕೊಟ್ಟ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ನಾನು ಫೇಲು ಮಾಡಿದ ಹುಡುಗರಿಗೂ ಅಷ್ಟು ಕಡಿಮೆ ಕೊಟ್ಟವಳಲ್ಲ. ಅವಳು ಒಳ್ಳೆಯ ಎಲೆ ಇಟ್ಟುಕೊಂಡೂ ಪಾಸ್ ಎಂದಾಗಲೆಲ್ಲ ತಮ್ಮ ಪರದೆ ಕೆಂಪಾಗಿ ‘ಗಂಭೀರ ತಪ್ಪು’ ಎಂದು ಮಿನುಗುತ್ತಿತ್ತು, ಸುತ್ತ ನಿಂತವರು ಬಗ್ಗಿ ನೋಡಿ ನಗುತ್ತಿದ್ದರು, ಅವಳೂ ಅವರ ಜೊತೆ ನಗುತ್ತಿದ್ದಳು. ಅವಳು ನಗುವುದನ್ನು ನಾನು ನೋಡುತ್ತಿದ್ದೆ. ಅದು ಅವಳ ನಗುವಾಗಿರಲಿಲ್ಲ.

ಆಮೇಲೆ ವಾರ್ಷಿಕ ಪಂದ್ಯ ಬಂತು. ಈ ವರ್ಷ ಜೊತೆಗಳನ್ನು ತಮ್ಮ ಅಂಕದ ಪ್ರಕಾರವೇ ಕಟ್ಟುವುದೆಂದು ಕಾರ್ಯದರ್ಶಿಗಳು ಪ್ರಕಟಿಸಿದರು. ತಾವು ಕ್ಷಣಾರ್ಧದಲ್ಲಿ ನನ್ನನ್ನು ರಘುನಂದನ್ ಅವರ ಎದುರು ಕೂರಿಸಿದಿರಿ. ಹೊಂಬಾಳಮ್ಮನ ಹೆಸರಿನ ಮುಂದೆ ‘ಸೂಕ್ತ ಜೊತೆ ಇಲ್ಲ’ ಎಂದು ತೋರಿಸಿದಿರಿ. ಗಂಡು ಹುಡುಕಲು ಮನೆಯವರು ಜಾತಕ ಹಿಡಿದು ವರ್ಷಗಟ್ಟಲೆ ಅಲೆಯುವ ನಮ್ಮ ಸೀಮೆಯಲ್ಲಿ, ಒಂದು ಹೆಣ್ಣಿಗೆ ಲೋಕದಲ್ಲೇ ಜೊತೆಯಿಲ್ಲವೆಂದು ಇಷ್ಟು ಬೇಗ ಹೇಳಬಲ್ಲವರು ತಾವೊಬ್ಬರೇ.

ನಾನು ಕಾರ್ಯದರ್ಶಿಗಳ ಹತ್ತಿರ ಹೋಗಿ, ಆಡಿದರೆ ಹೊಂಬಾಳಮ್ಮನ ಜೊತೆ, ಇಲ್ಲದಿದ್ದರೆ ಆಡುವುದೇ ಇಲ್ಲ ಎಂದೆ. ಅವರು ಕೆಟ್ಟವರಲ್ಲ. ‘ಅವರೇ ಬೇಡ ಅಂದ್ರಲ್ಲ ಮೇಡಂ. ಬರೋದಾದ್ರೆ ಭಾನುವಾರ ಆಟ ಶುರುವಾಗೋದ್ರೊಳಗೆ ಕರ್ಕೊಂಡು ಬನ್ನಿ, ನನ್ನದೇನೂ ಅಡ್ಡಿಯಿಲ್ಲ’ ಎಂದರು. ಅದು ನಿಜ, ಅವಳೇ ಬೇಡ ಎಂದಿದ್ದಳು. ತಮ್ಮ ತೀರ್ಪು ಬಂದ ಸಂಜೆ ಚೀಲ ಎತ್ತಿಕೊಂಡು, ನನ್ನ ಮುಖ ನೋಡದೆ, ‘ನಾನು ಬರಕಿಲ್ಲ ಬುಡು ನಂಜಮ್ಮ. ನೀನು ಅವರ ಜೊತೆ ಆಡು. ನಂಗೂ ಮಂಡಿ ನೋವು’ ಎಂದು ಹೇಳಿ ಹೋದವಳು ಮತ್ತೆ ಕೂಟದ ಕಡೆ ಬಂದಿರಲಿಲ್ಲ.

ಈಗ ನನ್ನ ಕಷ್ಟ ತಮಗೆ ಅರ್ಥವಾಗಬಹುದು, ಆಗದಿದ್ದರೆ ತಮ್ಮನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಲು ಹೇಳುತ್ತೇನೆ. ಅವಳ ಆ ‘ಬರಕಿಲ್ಲ’ ಯಾವ ಬಗೆಯದು? ಉಪಚಾರದ್ದಾದರೆ ನಾನು ಹೋಗಿ ಬಲವಂತ ಮಾಡಬೇಕು; ಮಾಡದೆ ಬಿಟ್ಟರೆ, ಮೊದಲ ಮಾತಿಗೇ ಪಾತ್ರೆ ಎತ್ತಿಕೊಂಡು ಹೋದವಳಾಗುತ್ತೇನೆ, ಅವಳು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ಆದರೆ ನಮ್ಮ ಸ್ನೇಹ ಅಲ್ಲಿಗೆ ಮುಗಿಯಿತು. ನಿಜವಾದದ್ದಾದರೆ, ನಾನು ಎಳೆದುಕೊಂಡು ಬಂದು, ನಗುವವರ ನಡುವೆ, ಕೆಂಪಗೆ ಮಿನುಗುವ ತಮ್ಮ ಎದುರು ಅವಳನ್ನು ಕೂರಿಸಿದ ಪಾಪ ನನಗೆ ಬರುತ್ತದೆ. ಹೊಟ್ಟೆ ತುಂಬಿದವರಿಗೆ ಬಾಯಿಗೆ ತುರುಕುವುದೂ ತಪ್ಪೇ. ಎರಡು ಕಡೆಯೂ ಅವಳನ್ನು ಕಳೆದುಕೊಳ್ಳುವ ಭಯವಿದ್ದಾಗ ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು ಎಂದು ಕೂಡಿಸುತ್ತ ಕೂತರೆ ಉತ್ತರ ಬರುವುದಿಲ್ಲ.

ಆದರೂ ತಮ್ಮ ಮೇಲಿನ ಗೌರವದಿಂದ ತಮ್ಮನ್ನೇ ಕೇಳಿದೆ. ತಮ್ಮಲ್ಲಿ ಪ್ರಶ್ನೆ ಬರೆಯುವ ಜಾಗವೊಂದಿದೆಯಲ್ಲ, ಅದರಲ್ಲಿ ‘ಜೊತೆಗಾತಿ ಪಾಸ್ ಎಂದರೆ ಏನು ಮಾಡಬೇಕು’ ಎಂದು ಒಂದೊಂದೇ ಅಕ್ಷರ ಒತ್ತಿ ಬರೆದೆ. ‘ಜೊತೆಯ ಪಾಸನ್ನು ನಂಬಿ, ಒತ್ತಾಯಿಸಬೇಡಿ’ ಎಂದು ತಕ್ಷಣ ಉತ್ತರ ಕೊಟ್ಟಿರಿ. ಪುಸ್ತಕದಲ್ಲೂ ಹಾಗೇ ಇದೆ. ಮಕ್ಕಳಿಗೆ ಪುಸ್ತಕದಲ್ಲಿರುವುದನ್ನೇ ಹೇಳಿಕೊಟ್ಟು ಸಂಬಳ ತಿಂದ ನಾನು, ಶನಿವಾರವಿಡೀ ತಮ್ಮ ಮಾತನ್ನು ನಂಬಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟೆ.

ಭಾನುವಾರ ಬೆಳಿಗ್ಗೆ ಎದ್ದು ದುದ್ದದ ಬಸ್ಸು ಹತ್ತಿದೆ.

ಹೊಂಬಾಳಮ್ಮನ ಮನೆ ಬಾಗಿಲಲ್ಲೇ ಕೇಳಿದೆ. ‘ಬ್ಯಾಡ ಕಣೆ, ಒಳಗ್ ಬಾ’ ಎಂದಳು. ಇದು ಮೊದಲನೆಯದು, ಲೆಕ್ಕಕ್ಕಿಲ್ಲ. ಕಾಫಿ ಲೋಟ ಕೈಗೆ ಕೊಡುವಾಗ ಮತ್ತೆ ಕೇಳಿದೆ. ‘ಆ ಡಬ್ಬ ನನ್ನ ಪೆದ್ದಿ ಅಂತದೆ, ನಾನ್ಯಾಕೆ ಬರ್ಲಿ’ ಎಂದಳು. ಎರಡನೆಯದು. ಉಪ್ಪಿಟ್ಟು ಬೇಡವೆಂದು ನಾನು ಎರಡು ಸಲ ಹೇಳಿ ಮೂರನೆಯ ಸಲಕ್ಕೆ ತಿಂದ ಮೇಲೆ, ಅವಳ ಕೈ ಹಿಡಿದುಕೊಂಡು, ನೀನಿಲ್ಲದೆ ಆ ಮೇಜಿನ ಮುಂದೆ ನನಗೆ ಕೂರಲಾಗುವುದಿಲ್ಲ ಎಂದು ಹೇಳಿದೆ. ಅವಳು ಕೈ ಬಿಡಿಸಿಕೊಂಡಳು. ‘ನಿಂಗೂ ತಿಳೀಬೇಕು ನಂಜಮ್ಮ. ನನ್ನ ಕಟ್ಕೊಂಡು ನೀನೂ ಸೋಲ್ತೀಯ. ಬ್ಯಾಡ ಅಂದ್ರೆ ಬ್ಯಾಡ’ ಎಂದಳು.

ಮಾನ್ಯರೇ, ಮೂರೂ ಆಯಿತು. ಮೂರರ ನಂತರ ಕೇಳುವುದು ನಮ್ಮಲ್ಲೂ ಮರ್ಯಾದೆಯಲ್ಲ. ತಾವು ಹೇಳಿದ್ದೇ ಸರಿಯೆಂದೂ, ಕೆಲವರ ‘ಬ್ಯಾಡ’ ನಿಜವಾಗಿ ‘ಬ್ಯಾಡ’ವೇ ಎಂದೂ ಒಪ್ಪಿಕೊಂಡು ಎದ್ದೆ. ‘ಬಸ್ ಸ್ಟಾಪ್ ತಕ ಬತ್ತೀನಿ, ನಿಂತ್ಕೊ’ ಎಂದು ಅವಳು ಒಳಗೆ ಹೋದಳು, ತುಂಬ ಹೊತ್ತು ಬರಲಿಲ್ಲ, ಬಂದಾಗ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ನಾನು ಅದಕ್ಕೆ ಯಾವ ಅರ್ಥವನ್ನೂ ಹಚ್ಚಲಿಲ್ಲ. ದುದ್ದದಲ್ಲಿ ಬಸ್ ಸ್ಟಾಪಿಗೆ ಹೋಗುವವರು ಒಳ್ಳೆಯ ಸೀರೆಯನ್ನೇ ಉಡುತ್ತಾರೆ. ದಾರಿಯುದ್ದಕ್ಕೂ ಕಬ್ಬಿನ ಬೆಳೆಯ ಮಾತಾಡಿದಳು. ಬಸ್ಸು ಬಂತು. ನಾನು ಹಿಂತಿರುಗಿ ನೋಡಿದರೆ ಅಳು ಬಂದೀತೆಂದು ನೋಡದೆಯೇ ಹತ್ತಿದೆ. ನನ್ನ ಬೆನ್ನ ಹಿಂದೆಯೇ ಯಾರೋ ಉಸಿರು ಬಿಡುತ್ತ ಮೆಟ್ಟಿಲು ಹತ್ತಿದ ಸದ್ದಾಯಿತು. ತಿರುಗಿದರೆ ಹೊಂಬಾಳಮ್ಮ, ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸುತ್ತಿದ್ದಾಳೆ. ‘ಮಂಡ್ಯಕ್ಕೆ’ ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿ, ‘ಜಾಗ ಇಡ್ಕೊ ಕಣೆ, ನಿಂತ್ಕೊಂಡು ಬರಕ್ಕಾಗಕಿಲ್ಲ, ಮಂಡಿ ನೋವು ಅಂತ ಏಳ್ಲಿಲ್ವಾ’ ಎಂದಳು.

ಹೆಂಗಸರಿಗೆ ಕಾಸಿಲ್ಲದ ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಲೇಬೇಕು. ಬರೀ ಬಸ್ ಸ್ಟಾಪಿನವರೆಗೆ ಕಳಿಸಿಕೊಡಲು ಬಂದವಳು ಆಧಾರ್ ಕಾರ್ಡನ್ನು ಯಾಕೆ ತರುತ್ತಾಳೆ? ಈ ಪ್ರಶ್ನೆಯನ್ನು ತಾವು ದಯವಿಟ್ಟು ತಮ್ಮ ತಯಾರಕರಿಗೆ ಕಳಿಸಿಕೊಡಬೇಕು. ಮೂರು ಸಲ ಬೇಡವೆನ್ನುವಾಗಲೂ ಅವಳ ಮನಸ್ಸು ಬಸ್ಸು ಹತ್ತಿಯೇ ಆಗಿತ್ತು. ಮೂರು ಸಲ ಕೇಳಿಸಿಕೊಳ್ಳದೆ ಹತ್ತುವುದು ಅವಳಿಂದ ಆಗುತ್ತಿರಲಿಲ್ಲ, ಅಷ್ಟೆ. ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಂಡೆ.

ಪಂದ್ಯದಲ್ಲಿ ನಡೆದದ್ದನ್ನು ತಾವೇ ಕಂಡಿದ್ದೀರಿ. ಆದರೂ ಅಂದು ರಘುನಂದನ್ ಮತ್ತು ಅವರ ಹೊಸ ಜೊತೆ ನಾಗರಾಜು ಅವರ ವಿರುದ್ಧ ನಾವು ಆಡಿದ ಕೊನೆಯ ಕೈಯ ಬಗ್ಗೆ ತಮ್ಮ ಗಮನ ಸೆಳೆಯಬಯಸುತ್ತೇನೆ. ಎಲೆ ಹಂಚಿದವಳು ಹೊಂಬಾಳಮ್ಮ, ಮೊದಲ ಕೂಗು ಅವಳದು. ‘ಪಾಸ್’ ಎಂದಳು. ರಘುನಂದನ್ ಪಾಸ್ ಎಂದರು. ನನ್ನ ಕೈಯಲ್ಲಿ ಐದು ಇಸ್ಪೀಟು, ಎಲ್ಲ ಕೂಡಿಸಿದರೆ ಏಳೇ ಅಂಕ. ನಾನೂ ಪಾಸ್ ಎಂದರೆ ನಾಗರಾಜು ಅವರೂ ಎನ್ನುತ್ತಾರೆ, ಎಲೆ ಕಲೆಸುತ್ತೇವೆ, ಯಾರಿಗೂ ನಷ್ಟವಿಲ್ಲ. ಕೂಗಿದರೆ, ಅವಳ ಕೈ ನಿಜಕ್ಕೂ ಬರಿದಾಗಿದ್ದರೆ, ಮುಳುಗುತ್ತೇವೆ, ಮುಳುಗಿದ್ದಕ್ಕೆ ಎಲ್ಲರೂ ಅವಳ ಕಡೆ ನೋಡುತ್ತಾರೆ. ಅವಳ ಮುಖ ನೋಡಿದೆ. ಪಾಠ ಮಾಡುವಾಗ ಇರುತ್ತಿದ್ದ ಮುಖವೇ, ಅದರಲ್ಲಿ ಏನೂ ಬರೆದಿರಲಿಲ್ಲ. ತಾವು ಪಕ್ಕದಲ್ಲೇ ಇದ್ದಿರಿ. ತಮ್ಮ ಉಪದೇಶ ನೆನಪಿತ್ತು.

‘ಒಂದು ಇಸ್ಪೀಟು’ ಎಂದೆ.

ನಾಗರಾಜು ಪಾಸ್ ಎಂದರು. ಹೊಂಬಾಳಮ್ಮ ತನ್ನ ಎಲೆಗಳನ್ನು ಆಗಲೇ ಮೊದಲ ಸಲ ನೋಡುವವಳಂತೆ ನೋಡಿ, ‘ನೀನು ಇಷ್ಟು ಹೇಳೋದಾದ್ರೆ’ ಎನ್ನುವ ಮುಖ ಮಾಡಿ, ‘ನಾಲ್ಕು ಇಸ್ಪೀಟು’ ಎಂದಳು. ನಾಲ್ಕೆಂದರೆ ಹದಿಮೂರರಲ್ಲಿ ಹತ್ತು ಸುತ್ತು ಗೆಲ್ಲಲೇಬೇಕು. ಆಡುವ ಹೊಣೆ ನನ್ನದಾದ್ದರಿಂದ ಅವಳ ಎಲೆಗಳನ್ನು ಬಿಚ್ಚಿ ಮೇಜಿನ ಮೇಲೆ ಹರಡಬೇಕಾಯಿತು: ಹದಿನೇಳು ಅಂಕ. ರಘುನಂದನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ‘ಇಷ್ಟೆಲ್ಲ ಇಟ್ಕೊಂಡು ಮೊದಲು ಪಾಸ್ ಅಂದ್ರಾ ಮೇಡಂ?’ ಎಂದು ಕೇಳಿದರು. ಹೊಂಬಾಳಮ್ಮನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಮೊದಲ್ನೇ ಸಲಕ್ಕೇ ಏಳ್ಕೊಳ್ಳಕ್ಕಾಯ್ತದಾ ಸಾರ್’ ಎಂದಳು. ಹತ್ತು ಸುತ್ತು ಗೆದ್ದೆವು. ಪಂದ್ಯದಲ್ಲಿ ನಮ್ಮದು ಮೂರನೆಯ ಸ್ಥಾನ, ಬಹುಮಾನ ಎರಡರವರೆಗೆ ಮಾತ್ರ. ಅದರ ಬಗ್ಗೆ ನಮ್ಮ ತಕರಾರಿಲ್ಲ.

ತಕರಾರು ತಮ್ಮ ವರದಿಯ ಬಗ್ಗೆ. ಆ ಕೈಯಲ್ಲಿ ಅವಳ ಪಾಸ್ ‘ಗಂಭೀರ ತಪ್ಪು’ ಎಂದಿರಿ, ನನ್ನ ಕೂಗು ‘ಅತಿ ಗಂಭೀರ ತಪ್ಪು’ ಎಂದಿರಿ, ಕೊನೆಯಲ್ಲಿ ‘ಫಲಿತಾಂಶ: ಸರಿ’ ಎಂದಿರಿ. ಋಣವನ್ನು ಋಣದಿಂದ ಗುಣಿಸಿದರೆ ಧನವೆಂದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಲಿಸಿದವಳು ನಾನು, ನನಗೆ ಆಶ್ಚರ್ಯವಾಗಲಿಲ್ಲ. ತಮಗೆ ಆಗಿದ್ದರೆ ಈ ಕೆಳಗಿನ ಸಣ್ಣ ಬೇಡಿಕೆಗಳನ್ನು ಈಡೇರಿಸಿಕೊಡಬೇಕೆಂದು ಪ್ರಾರ್ಥನೆ. ಪಾಸ್ ಎಂಬುದರಲ್ಲಿ ಎರಡು ಗುಂಡಿ ಮಾಡಿಸಿರಿ, ಒಂದು ಹೊಟ್ಟೆ ತುಂಬಿದವರಿಗೆ, ಇನ್ನೊಂದು ಬೆರಳಲ್ಲಿ ಸಂದಿ ಬಿಟ್ಟವರಿಗೆ. ಯಾರಾದರೂ ಬೇಡವೆಂದಾಗ ತೀರ್ಪು ಕೊಡುವ ಮೊದಲು ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು ಕಾಯಿರಿ. ಸಾಧ್ಯವಾದರೆ ದುದ್ದದಲ್ಲಿ ಯಾರದಾದರೂ ಮನೆಯ ಮದುವೆಯಲ್ಲಿ ಬಡಿಸುವ ಕೆಲಸಕ್ಕೆ ಸೇರಿಕೊಂಡು, ಒಂದು ವರ್ಷ ಅನುಭವ ಪಡೆದು, ಆಮೇಲೆ ನಮಗೆ ಅಂಕ ಹಾಕಲು ಬನ್ನಿರಿ. ಅಲ್ಲಿಯವರೆಗೆ ಹೊಂಬಾಳಮ್ಮನಿಗೆ ಸೂಕ್ತ ಜೊತೆ ಇಲ್ಲವೆಂಬ ತಮ್ಮ ಮಾತನ್ನು ತಿದ್ದಿ, ನನ್ನ ಹೆಸರನ್ನು ಅಲ್ಲಿ ಬರೆಯಬೇಕು. ನನ್ನನ್ನು ಮೊದಲ ಸಲ ಕೇಳಿದರೂ ಸಾಕು, ನಾನು ಒಪ್ಪುತ್ತೇನೆ. ಈ ಒಂದು ವಿಷಯದಲ್ಲಿ ನನಗೆ ಸಂಕೋಚವಿಲ್ಲ.

ಇಷ್ಟು ಹೊತ್ತು ತಮ್ಮ ಅಮೂಲ್ಯ ಚಾರ್ಜನ್ನು ವ್ಯಯಿಸಿ ಓದಿದ್ದಕ್ಕೆ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶಿವನಂಜಮ್ಮ,
ವಿವೇಚನೆ ಸಾಲದವಳು.

ಮರೆತ ಮಾತು: ತಮ್ಮ ವರದಿಯನ್ನು ಹೊಂಬಾಳಮ್ಮನಿಗೂ ತೋರಿಸಿದೆ. ಕನ್ನಡಕ ಏರಿಸಿ ಪೂರ್ತಿ ಓದಿ, ‘ಪಾಪ, ಇದನ್ನ ಎರಡ್ನೇ ಸಲ ಉಂಡ್ಯಾ ಅಂತ ಯಾರೂ ಕೇಳಿಲ್ಲ ಅಂತ ಕಾಣ್ತದೆ ಕಣೆ’ ಎಂದಳು. ಬರುವ ಭಾನುವಾರ ತಮ್ಮನ್ನು ಅವಳ ಮನೆಗೆ ಊಟಕ್ಕೆ ಕರೆಯಲು ನನಗೆ ಹೇಳಿದ್ದಾಳೆ, ಇದೋ ಕರೆದಿದ್ದೇನೆ. ತಾವು ಬೇಡವೆನ್ನುತ್ತೀರಿ ಎಂದು ಗೊತ್ತು. ತಾವು ಯಂತ್ರವಾದ್ದರಿಂದ ತಮ್ಮ ‘ಬೇಡ’ವನ್ನು ಮೊದಲ ಸಲಕ್ಕೇ ನಂಬುತ್ತೇವೆ.